ಕಾಣೆಯಾದವನ ಮನೆಯವರು ಯಾರು?

ಮಾನ್ಯ ಸಂಪಾದಕರೇ,

ಮಾನವ ಹಕ್ಕುಗಳ ಉಲ್ಲಂಘನೆಯಾದಾಗ ಪರಿಹಾರ ಎಷ್ಟು ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆಯುತ್ತದೆ. ಯಾರಿಗೆ ಎಂಬ ಪ್ರಶ್ನೆ ಮಾತ್ರ ಕಚೇರಿಯ ಕಿಟಕಿಯೆದುರು ನಿಂತಾಗಲೇ ಏಳುತ್ತದೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಮುಂಬಯಿ ಗಲಭೆಗಳಲ್ಲಿ 900 ಮಂದಿ ಸತ್ತರು, 168 ಮಂದಿ ಕಾಣೆಯಾದರು. ಸತ್ತವರ ವಾರಸುದಾರರಿಗೆ ಸರ್ಕಾರ ತಲಾ ಎರಡು ಲಕ್ಷ ರೂಪಾಯಿ ಕೊಟ್ಟಿತು. ಕಾಣೆಯಾದವರ ಪೈಕಿ ಅದು ತಲುಪಿದ್ದು 60 ಕುಟುಂಬಗಳಿಗೆ ಮಾತ್ರ. ಉಳಿದ 108 ಮಂದಿಯ ಮನೆಯವರ ವಿಳಾಸ ಸಿಗಲಿಲ್ಲ, ಇಲ್ಲವೇ ಕಾಗದಪತ್ರ ಪೂರ್ತಿಯಾಗಲಿಲ್ಲ ಎಂದು ಹೇಳಲಾಯಿತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು, ಅಂಥವರನ್ನು ಸರ್ಕಾರವೇ ಹುಡುಕಿ, 1999ರ ಜನವರಿ 22ರಿಂದ ಶೇ. 9ರ ಬಡ್ಡಿ ಸೇರಿಸಿ ಹಣ ಕೊಡಬೇಕೆಂದು ಆದೇಶಿಸಿತು. ಕಾನೂನು ಸುವ್ಯವಸ್ಥೆ ಕಾಯುವಲ್ಲಿ ಸರ್ಕಾರ ಸೋತದ್ದರಿಂದ ಜನರ ಬದುಕುವ ಹಕ್ಕಿಗೆ ಭಂಗ ಬಂದಿದೆ, ಆದ್ದರಿಂದ ಪರಿಹಾರ ಕೇಳುವುದು ಬಾಧಿತರ ಹಕ್ಕು ಎಂಬುದು ಆ ತೀರ್ಪಿನ ತಿರುಳು.

ನಾನು ಆಗ ಮಾಟುಂಗದ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಉಡುಪಿ ಕಡೆಯ ಒಬ್ಬ ಸಪ್ಲೈಯರ್ ಆ ಜನವರಿಯಲ್ಲಿ ಹೊರಗೆ ಹೋದವನು ತಿರುಗಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿದ್ದದ್ದು ಅವನ ಕರೆಯುವ ಹೆಸರು. ವಿಳಾಸವೆಂದರೆ ಹೋಟೆಲಿನ ವಿಳಾಸ. ಪೊಲೀಸ್ ದೂರಿನಲ್ಲಿಯೂ ಅದೇ ಹೋಯಿತು. ತಂದೆತಾಯಿ ಇಲ್ಲದ, ಮದುವೆಯಾಗದ ಅವನ ಸಂಬಳದ ಮುಕ್ಕಾಲು ಪಾಲು ತಿಂಗಳ ಮೊದಲ ವಾರವೇ ಊರಿಗೆ, ಅಕ್ಕನ ಹೆಸರಿಗೆ ಮನಿಯಾರ್ಡರ್ ಆಗಿ ಹೋಗುತ್ತಿತ್ತು. ವರ್ಷಗಳ ಮೇಲೆ ಆ ಅಕ್ಕ ಅಷ್ಟೂ ಮನಿಯಾರ್ಡರ್ ಚೂರುಗಳನ್ನು ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಬಂದಾಗ ಅರ್ಜಿ ಬರೆದುಕೊಟ್ಟವನು ನಾನೇ. ಗುಮಾಸ್ತರು ಗಂಟು ಬಿಚ್ಚಲೂ ಬಿಡದೆ ಹೆಂಡತಿ ಎಲ್ಲಿ, ಮಕ್ಕಳೆಲ್ಲಿ ಎಂದರು. ವಾರಸು ಪತ್ರಕ್ಕೆ ಮರಣ ಪತ್ರ ಬೇಕು, ಮರಣ ಪತ್ರಕ್ಕೆ ಹೆಣ ಬೇಕು. ಅಕ್ಕ ಅಂದೇ ರಾತ್ರಿಯ ಬಸ್ಸಿಗೆ ಊರಿಗೆ ಹೋದರು.

ಆಸ್ತಿ ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಇಳಿಯುವ ಅಳಿಯಕಟ್ಟು ಕಂಡ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಗರದ ಕ್ಯಾಂಟೀನುಗಳಲ್ಲಿ ತಟ್ಟೆ ತೊಳೆದ ಎಷ್ಟೋ ಮಾವಂದಿರ ದುಡ್ಡಿನಲ್ಲಿ ಊರಿನ ಸೋದರಳಿಯಂದಿರು ಶಾಲೆಗೆ ಹೋಗಿದ್ದಾರೆ. ಅಂಥ ಮನೆಯಲ್ಲಿ ನಷ್ಟ ಯಾರದ್ದು ಎಂದು ಕೇಳಿದರೆ ಅಂಚೆಯವನೂ ಹೇಳಿಯಾನು.

2005ರ ಡಿಸೆಂಬರ್ 16ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ, ಮಾನವ ಹಕ್ಕು ಉಲ್ಲಂಘನೆಯ ಸಂತ್ರಸ್ತರ ಪರಿಹಾರದ ಕುರಿತ ಮೂಲತತ್ತ್ವಗಳು ಈ ವಿಷಯದಲ್ಲಿ ಹೆಚ್ಚು ಉದಾರವಾಗಿವೆ. ಅವುಗಳ ಪ್ರಕಾರ ಸಂತ್ರಸ್ತನೆಂದರೆ ಪೆಟ್ಟು ತಿಂದವನಷ್ಟೇ ಅಲ್ಲ. ಸಂದರ್ಭಕ್ಕೆ ತಕ್ಕಂತೆ, ದೇಶದ ಕಾನೂನಿಗೆ ಅನುಗುಣವಾಗಿ, ಅವನ ಹತ್ತಿರದ ಕುಟುಂಬದವರು, ಅವಲಂಬಿತರು, ಆಪತ್ತಿನಲ್ಲಿದ್ದವರನ್ನು ಕಾಪಾಡಲು ಹೋಗಿ ತಾವೇ ಹಾನಿಗೊಳಗಾದವರು ಕೂಡ ಆ ಮಾತಿನಲ್ಲಿ ಸೇರುತ್ತಾರೆ. ಅಪರಾಧಿ ಯಾರೆಂದು ಗೊತ್ತಾಗದಿದ್ದರೂ, ಶಿಕ್ಷೆಯಾಗದಿದ್ದರೂ ಸಂತ್ರಸ್ತನು ಸಂತ್ರಸ್ತನೇ. ಅಪರಾಧ ಪ್ರಕರಣಗಳ ತನಿಖೆ-ವಿಚಾರಣೆಯ ಕಾನೂನಾದ ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸಂತ್ರಸ್ತನ ವ್ಯಾಖ್ಯೆ ಇನ್ನೂ ಪೋಷಕ ಮತ್ತು ಕಾನೂನುಬದ್ಧ ವಾರಸುದಾರ ಎಂಬಲ್ಲಿಗೇ ನಿಲ್ಲುತ್ತದೆ. ಅದೇ ಸಂಹಿತೆಯ 396ನೆಯ ಕಲಮು ಪರಿಹಾರದ ಮಾತು ಬಂದಾಗ ಅವಲಂಬಿತರನ್ನೂ ಹೆಸರಿಸುತ್ತದೆ, ಅಪರಾಧಿ ಪತ್ತೆಯಾಗದಿದ್ದರೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಬಿಡುತ್ತದೆ. ಆದರೆ ಕಿಟಕಿಯಾಚೆ ಕೂತವರು ಓದುವುದು ಸಂಹಿತೆಯ ಆ ವ್ಯಾಖ್ಯೆಯನ್ನಷ್ಟೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹುಡುಕುವ ಹೊಣೆ ಹೊತ್ತವರು ಆ 108 ಹೆಸರುಗಳನ್ನು ಕನ್ನಡ ಪತ್ರಿಕೆಗಳಲ್ಲೂ, ಕರಾವಳಿ ಮತ್ತು ಕಲಬುರಗಿಯ ಓದುಗರಿಗೆ ತಲುಪುವಂತೆ, ದೂರಿನಲ್ಲಿ ಬರೆದ ಕರೆಯುವ ಹೆಸರು ಮತ್ತು ಕೆಲಸದ ಜಾಗದ ಸಹಿತ ಪ್ರಕಟಿಸಲಿ. ವಾರಸು ಪತ್ರ ಇಲ್ಲದಲ್ಲಿ ಮನಿಯಾರ್ಡರ್ ಚೂರನ್ನು ಸಾಕ್ಷಿಯಾಗಿ ಸ್ವೀಕರಿಸಲಿ. ಆ ಅಕ್ಕ ಈಗಿಲ್ಲ. ಗಂಟು ಅವರ ಮಗಳ ಬಳಿ ಇದೆ.

— ನಿವೃತ್ತ ಹೋಟೆಲ್ ಗುಮಾಸ್ತ, ಸಯನ್, ಮುಂಬಯಿ