ಅಕ್ಕೋರು ಶಾಲೆ ಬಿಟ್ಟು ಯಾಕೆ ಹೋಗುತ್ತಾರೆ?

ಮಾನ್ಯರೇ,

ಯುವ ಶಿಕ್ಷಕರು ಕೆಲಸ ಬಿಟ್ಟರೆ 'ಈಗಿನವರಿಗೆ ತಾಳ್ಮೆ ಇಲ್ಲ' ಎಂದು ಸುಮ್ನೆ ಹೇಳಿಬಿಡುತ್ತೇವೆ. ಇದು ಸರಿಯಲ್ಲ. ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯ ಒಳ ಊರುಗಳ ಶಾಲೆಗೆ ಒಮ್ಮೆ ಹೋಗಿ ನೋಡಿ. ಮಕ್ಕಳು ಕಡಿಮೆ, ಹಾಗಾಗಿ ಶಿಕ್ಷಕರೂ ಒಬ್ಬರೋ ಇಬ್ಬರೋ. ಆ ಒಬ್ಬ ಅಕ್ಕೋರೇ ಒಂದರಿಂದ ಐದನೇ ತರಗತಿವರೆಗೆ ಪಾಠ ಮಾಡಬೇಕು, ಬಿಸಿಯೂಟದ ಅಕ್ಕಿ, ಹಾಲು, ಮೊಟ್ಟೆಯ ಲೆಕ್ಕ ಬರೆಯಬೇಕು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಸ್ಯಾಟ್ಸ್ ಎಂಬ, ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾಹಿತಿ ತುಂಬಬೇಕು, ನಡುವೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಮತದಾರರ ಪಟ್ಟಿಯನ್ನೂ ಸರಿ ಮಾಡಬೇಕು. ಪಾಠಕ್ಕೆ ಹೊತ್ತು ಎಲ್ಲಿದೆ?

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಆದರೂ 2025ರ ದಸರಾ ರಜೆಯಲ್ಲಿ ಅವರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆ ತಿರುಗಿದರು.

ಅತಿಥಿ ಶಿಕ್ಷಕರ ಪಾಡಂತೂ ಕೇಳಲೇಬೇಡಿ. ಬಿ.ಎಡ್ ಮುಗಿಸಿ ಬಂದವರಿಗೆ ತಿಂಗಳಿಗೆ 12 ಸಾವಿರದ ಆಸುಪಾಸು ಗೌರವಧನ. ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ನನ್ನ ಮಗಳಿಗೆ ಗಣಿತ ಇಷ್ಟವಾಗುವಂತೆ ಕಲಿಸಿದ ಅತಿಥಿ ಶಿಕ್ಷಕಿ ಈಗ ಸೊಸೈಟಿಯೊಂದರಲ್ಲಿ ಕ್ಲರ್ಕ್. ಕೇಳಿ ಬಹಳ ಬೇಜಾರಾಯಿತು, ಆದರೆ ಅವರಿಗೂ ಮನೆ ನಡೆಯಬೇಕು ಅಲ್ವಾ?

ಲೆಕ್ಕಪತ್ರ ನೋಡಿಕೊಳ್ಳಲು ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೊಬ್ಬ ಕ್ಲರ್ಕ್‌ನನ್ನಾದರೂ ಕೊಡಿ. ಗೌರವಧನವನ್ನು ತಿಂಗಳ ಮೊದಲ ವಾರದೊಳಗೆ ಖಾತೆಗೆ ಹಾಕಿ. ಇಷ್ಟನ್ನು ಮುಂದಿನ ಜೂನ್ ಒಳಗೆ ಮಾಡಬಹುದು.

— ಒಬ್ಬ ಪಾಲಕಿ, ಶಿರಸಿ