ಪ್ಯಾಕರ್ ಬಾಡಿಗೆಗೆ ತಗೊಳ್ಳೋ ಎಲ್ಲರಿಗೂ: ರಬ್ಬರ್ ವಿಷಯದಲ್ಲಿ ಒಂದು ಬದಲಾವಣೆ

ನಮಸ್ಕಾರ. ಪ್ಯಾಕರ್ ಅಂದ್ರೆ ಬಾವಿಯೊಳಗೆ ಇಳಿಸಿ ಉಬ್ಬಿಸಿದ್ರೆ ಗೋಡೆಗೆ ಒತ್ಕೊಂಡು ಆ ಜಾಗ ಮುಚ್ಚೋ, ರಬ್ಬರ್ ಹೊದಿಸಿದ ಸಾಧನ. ಮುಂದಿನ ತಿಂಗಳು 1ನೇ ತಾರೀಖಿಂದ, ಎಣ್ಣೆ ಅಥವಾ ಗ್ಯಾಸ್ ಬಾವಿಗೆ ಒಂದ್ಸಲ ಇಳಿದು ಬಂದ ಪ್ಯಾಕರ್ ರಬ್ಬರನ್ನ ನಾವು ಇನ್ನೊಂದು ಕೆಲಸಕ್ಕೆ ಕೊಡಲ್ಲ. ಒಳಗಿನ ಸ್ಟೀಲ್ ಪೈಪು, ವಾಲ್ವು ಅದೇ, ಉಬ್ಬೋ ರಬ್ಬರ್ ಮಾತ್ರ ಅಂಥ ಪ್ರತಿ ಬಾವಿಗೂ ಹೊಸದು, ಅದರ ದುಡ್ಡು ಬಿಲ್ಲಿಗೆ ಸೇರುತ್ತೆ. ನೀರಿನ ಬೋರು, ಡ್ಯಾಮ್ ಸೈಟಿನವರಿಗೆ ರೇಟ್ ಹಳೇದೇ.

ಯಾಕೆ ಅಂದ್ರೆ, ಕಲ್ಲಿದ್ದಲು ಪದರದ ಮೀಥೇನ್ ಬಾವಿಯಿಂದ ವಾಪಸ್ ಬಂದಿದ್ದ ಒಂದು ಪ್ಯಾಕರನ್ನ ತೊಳೆದು, ಪೈಪೊಳಗೆ ಉಬ್ಬಿಸಿ ನೋಡಿ, ಸರಿಯಿದೆ ಅಂತ ನಮ್ಮ ಹಳೇ ಗ್ರಾಹಕರೊಬ್ಬರಿಗೆ ಬಂಡೆ ಟೆಸ್ಟಿಗೆ (ಪ್ರೆಶರಲ್ಲಿ ನೀರು ತಳ್ಳಿ ಬಂಡೆ ಎಷ್ಟು ಕುಡಿಯುತ್ತೆ ಅಂತ ನೋಡೋದು) ಕೊಟ್ವಿ, ಅಲ್ಲಿ ಕೋರ್, ಅಂದ್ರೆ ಕೊರೆದು ತೆಗೆದ ಕಲ್ಲಿನ ತುಂಡು, ನೋಡಿದ್ರೆ ಬಿರುಕೇ ಇಲ್ಲದ ಗಟ್ಟಿ ಗ್ರಾನೈಟು ಆದ್ರೆ ನೀರು ಮಾತ್ರ ಕುಡೀತಾನೇ ಇತ್ತು, ಮೇಲೆತ್ತಿದಾಗ ರಬ್ಬರ್ ತುಂಬ ಗುಳ್ಳೆ, ನೀರು ಬಂಡೆಗೆ ಹೋಗ್ತಾನೇ ಇರ್ಲಿಲ್ಲ, ಪ್ಯಾಕರ್ ಪಕ್ಕದಿಂದ ಮೇಲಕ್ಕೆ ನುಸುಳ್ತಿತ್ತು. ಈ ಟೆಸ್ಟಲ್ಲಿ 10 ಬಾರ್ ಪ್ರೆಶರಲ್ಲಿ ಬೋರಿನ ಒಂದು ಮೀಟರಿಗೆ ನಿಮಿಷಕ್ಕೆ 1 ಲೀಟರ್ ಹೋದ್ರೆ 1 ಲೂಜಾನ್, ಆ ನಂಬರ್ ನೋಡೇ ಎಷ್ಟು ಗ್ರೌಟ್ (ಬಿರುಕು ಮುಚ್ಚೋ ಸಿಮೆಂಟ್ ನೀರು) ಹಾಕ್ಬೇಕು ಅಂತ ತೀರ್ಮಾನ ಮಾಡೋದು. ತಪ್ಪು ಪೂರ್ತಿ ನಮ್ಮದು, ಅವರ ದುಡ್ಡು ವಾಪಸ್ ಕೊಟ್ಟಿದ್ದೀವಿ.

ರಬ್ಬರಲ್ಲಿ ಗುಳ್ಳೆ ಯಾಕೆ ಬರುತ್ತೆ ಅಂದ್ರೆ, 1000 ಮೀಟರ್ ನೀರಿನ ಕೆಳಗೆ ಹತ್ರಹತ್ರ 100 ಬಾರ್ ಒತ್ತಡ ಇರುತ್ತೆ, ಅಷ್ಟರಲ್ಲಿ ಗ್ಯಾಸು ರಬ್ಬರೊಳಕ್ಕೇ ಸೇರ್ಕೊಳ್ಳುತ್ತೆ, ಬೇಗ ಮೇಲೆತ್ತಿದ್ರೆ ಹೊರಗೆ ಬರೋಕೆ ಟೈಮ್ ಸಿಗದೆ ಒಳಗೇ ಹಿಗ್ಗಿ ರಬ್ಬರನ್ನ ಸೀಳುತ್ತೆ, ಗೋಲಿ ಸೋಡಾ ಒಡೆದ ತಕ್ಷಣ ಬುರುಬುರು ಬರುತ್ತಲ್ಲ ಹಂಗೆ. ಹೊರಗಿಂದ ಎಷ್ಟೋ ಸಲ ಕಾಣೋದೇ ಇಲ್ಲ. ಕ್ರೂಡ್ ಇದ್ರಂತೂ ನ್ಯಾಚುರಲ್ ರಬ್ಬರ್ ಎಣ್ಣೆ ಕುಡಿದು ಊದ್ಕೊಂಡು ಮೆತ್ತಗಾಗುತ್ತೆ, ಅದಕ್ಕೆ ಎಣ್ಣೆ ಬಾವಿಗೆ ಇನ್ಮುಂದೆ ಎಣ್ಣೆ ತಡೆಯೋ ನೈಟ್ರೈಲ್ ರಬ್ಬರ್ ಮಾತ್ರ, ಬಿಸಿ ಜಾಸ್ತಿ ಇದ್ರೆ ಹೈಡ್ರೋಜನೇಟೆಡ್ ನೈಟ್ರೈಲ್.

ಹಂಗಾಗಿ ಬುಕ್ ಮಾಡುವಾಗ ಆಳ, ತಳದ ಟೆಂಪರೇಚರ್, ಒಳಗಿರೋ ದ್ರವ ಏನು, ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷ ಗ್ಯಾಸ್ ಇದೆಯಾ, ಇಷ್ಟು ಹೇಳಿ. ಬಾವಿ ಅಗಲಕ್ಕೆ ಕೊರೆಯೋ ಬಿಟ್ ಸೈಜ್ ಹೇಳ್ಬೇಡಿ ದಯವಿಟ್ಟು, ಕ್ಯಾಲಿಪರ್ ಅಳತೆ (ಒಳಗೆ ಇಳಿಸಿ ಅಳೆದ ನಿಜವಾದ ಅಗಲ) ಕಳಿಸಿ, ಗೋಡೆ ಕುಸಿದು ಅಗಲ ಆಗಿದ್ರೆ ಪ್ಯಾಕರ್ ಜಾಸ್ತಿ ಉಬ್ಬಬೇಕು, ಉಬ್ಬಿದಷ್ಟೂ ಅದು ತಡೆಯೋ ಪ್ರೆಶರ್ ಇಳಿಯುತ್ತೆ. ಮತ್ತೆ ಗ್ಯಾಸ್ ಬಾವಿಲಿ ಉಬ್ಬಿಸೋಕೆ ಏರ್ ಕಂಪ್ರೆಸರ್ ಯಾವತ್ತೂ ಬೇಡ, ಗಾಳಿ ಮೀಥೇನ್ ಜೊತೆ ಸೇರಿದ್ರೆ ಸಿಡಿಯಬಹುದು, ನೈಟ್ರೋಜನ್ ಸಿಲಿಂಡರ್ ನಾವೇ ಕಳಿಸ್ತೀವಿ.

ಹೊಸ ರಬ್ಬರ್ ಹಾಕಿ ಟೆಸ್ಟ್ ಮಾಡೋಕೆ 10 ದಿನ ಮೊದಲೇ ಹೇಳಿ. ಕೆಲಸ ಮುಗಿದ ಮೇಲೆ ಹಳೇ ರಬ್ಬರ್ ಎಸೀಬೇಡಿ, ನಮಗೇ ವಾಪಸ್ ಕಳಿಸಿ, ಕೊಯ್ದು ಒಳಗೇನಾಗಿದೆ ಅಂತ ಫೋಟೋ ತೆಗೆದು ನಿಮಗೂ ಕಳಿಸ್ತೀವಿ.