ಮಗಳಿಗೊಂದು ಪತ್ರ: ಮಲಗಿಸೋದು ಬಿಡು, ಎಬ್ಬಿಸೋದು ಹಿಡಿ

ಪ್ರೀತಿಯ ಮಗಳೇ,

ನಿನ್ನ ಮಗ ಪುಟ್ಟ ರಾತ್ರಿ ಬೇಗ ಮಲಗಲ್ಲ ಅಂತ ಬರೆದಿದ್ದೆ. 9ಕ್ಕೆ ಹಾಸಿಗೆ, 9.10ಕ್ಕೆ ನೀರು, 9.20ಕ್ಕೆ ಬಾತ್‌ರೂಮು, 9.40ಕ್ಕೆ ಹೊಟ್ಟೆನೋವು, 10ಕ್ಕೆ ನಿನ್ನ ಗದರಿಕೆ, ಅವನ ಅಳು, 10.30ಕ್ಕೆ ಗೊರಕೆ. ಪುಟ್ಟನ ಈ ದಿನಚರಿಗೆ ಹಟ ಅಂತ ಹೆಸರಿಡಬೇಡ. ಅವನ ಮೈಯೊಳಗಿನ ಗಡಿಯಾರ 10.30ಕ್ಕೆ ಕೂತುಬಿಟ್ಟಿದೆ. ನಿದ್ದೆ ಹತ್ತುವ ಮುಂಚಿನ ಒಂದೆರಡು ಗಂಟೆ ಮೆದುಳು ವಿಪರೀತ ಚುರುಕಾಗಿರುತ್ತೆ, ನೀನು ಸರಿಯಾಗಿ ಆ ಹೊತ್ತಿಗೇ ಅವನನ್ನು ಮಲಗಿಸುತ್ತಿದ್ದೀಯ.

ನಿದ್ದೆ ಬರಿಸೋದು ಯಾರ ಕೈಲೂ ಇಲ್ಲ. ಎಬ್ಬಿಸೋದು ನಿನ್ನ ಕೈಲಿದೆ, ಅಲ್ಲಿಂದ ಶುರು ಮಾಡು.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ವ್ಯಾನು 7.20ಕ್ಕೆ ಬರುವುದಾದರೆ ಪುಟ್ಟ 6.30ಕ್ಕೆ ಏಳಬೇಕು, ಅಂದರೆ 9.15ರ ಹೊತ್ತಿಗೆ ಕಣ್ಣು ಮುಚ್ಚಿರಬೇಕು. ಅಲ್ಲಿಗೆ ಒಂದೇ ಸಲ ಹಾರಕ್ಕಾಗಲ್ಲ. ಮೊದಲ ಮೂರು ರಾತ್ರಿ 10.30ಕ್ಕೇ ಮಲಗಿಸು. ಹೌದು, ತಡವಾಗಿಯೇ! ಈಗಲೂ ಅವನು ನಿದ್ದೆ ಹೋಗೋದು ಆಗಲೇ, ಕಳೆದುಕೊಳ್ಳೋದು ಜಗಳ ಮಾತ್ರ. ಮೂರು ರಾತ್ರಿಯೂ 20 ನಿಮಿಷದೊಳಗೆ ನಿದ್ದೆ ಹತ್ತಿದರೆ 10.15, ಮತ್ತೆ ಮೂರು ರಾತ್ರಿ ಬಿಟ್ಟು 10. ಹೀಗೆ ಐದು ಮೆಟ್ಟಿಲು ಇಳಿದರೆ ಎರಡೂವರೆ ವಾರದಲ್ಲಿ 9.15 ಮುಟ್ಟುತ್ತೀಯ. ಯಾವುದಾದರೂ ಮೆಟ್ಟಿಲಲ್ಲಿ ಹೊರಳಾಟ ಶುರುವಾದರೆ ಮುಂದೆ ಹೋಗದೆ ಅಲ್ಲೇ ನಿಲ್ಲು.

ಇದಕ್ಕೆಲ್ಲ ಆಧಾರ ಬೆಳಗಿನ 6.30. ರಾತ್ರಿ ಎಷ್ಟೇ ತಡವಾಗಿರಲಿ, ಅದೇ ಹೊತ್ತಿಗೆ ಎಬ್ಬಿಸಿ, ಹಾಲಿನ ಲೋಟ ಕೊಟ್ಟು ಬಾಲ್ಕನಿಯಲ್ಲಿ 15–20 ನಿಮಿಷ ಕೂರಿಸು. ಬೆಳಗಿನ ಬೆಳಕು ನಿದ್ದೆ ಬರುವ ಹೊತ್ತನ್ನು ಬೇಗಕ್ಕೆ ಎಳೆಯುತ್ತೆ, ರಾತ್ರಿಯ ಬೆಳಕು ತಡಕ್ಕೆ ತಳ್ಳುತ್ತೆ. ಮಕ್ಕಳ ಕಣ್ಣೊಳಗೆ ನಮಗಿಂತ ಹೆಚ್ಚು ಬೆಳಕು ಇಳಿಯೋದರಿಂದ, ಮಲಗುವ ಒಂದು ಗಂಟೆ ಮೊದಲು ನಡುಮನೆಯ ಟ್ಯೂಬ್‌ಲೈಟ್, ಟಿವಿ, ಫೋನು ಎಲ್ಲಾ ಆರಲಿ. ಒಂದು ಹಳದಿ ಬಲ್ಬು ಸಾಕು. ನಿಮ್ಮ ಫೋನೂ ಸೇರಿ, ಅಳಿಯಂದಿರಿಗೂ ಹೇಳು.

ಸಂಜೆ ವ್ಯಾನಲ್ಲಿ ತೂಕಡಿಸುವ ಅರ್ಧ ಗಂಟೆ ಸಣ್ಣದಲ್ಲ. 6 ಗಂಟೆಗೆ ನಾಲ್ಕು ಬಜ್ಜಿ ತಿಂದವನು 8ಕ್ಕೆ ಊಟ ಮಾಡುತ್ತಾನಾ? ನಿದ್ದೆಯ ಹಸಿವೂ ಹಾಗೇ ಸತ್ತುಹೋಗುತ್ತೆ. ಪಕ್ಕದಲ್ಲಿ ಕೂರುವ ದೊಡ್ಡ ಹುಡುಗನಿಗೆ ಮಾತಾಡಿಸುತ್ತಿರು ಅಂತ ಹೇಳಿ, ಮನೆಗೆ ಬಂದ ಕೂಡಲೇ ಆಟಕ್ಕೆ ಕಳಿಸು. ತಾತನ ಲೋಟದ ತಳದ ಕಾಫಿಯೂ ನಿಲ್ಲಲಿ, ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯೋದಕ್ಕೇ ಸುಮಾರು 5 ಗಂಟೆ ಬೇಕು.

ಮಲಗುವ ಮುಂಚಿನ ಅರ್ಧ ಗಂಟೆ ದಿನಾ ಒಂದೇ ವರಸೆ: ಹಲ್ಲುಜ್ಜೋದು, ಬಾತ್‌ರೂಮು, ಬಟ್ಟೆ, ಒಂದು ಕಥೆ, ದೀಪ. ನೀರಿನ ಲೋಟ ಮೊದಲೇ ಮಂಚದ ಪಕ್ಕ ಇರಲಿ, ಒಂದು ನೆಪ ತಪ್ಪುತ್ತೆ. ಉಳಿದ ನೆಪಗಳಿಗೆ ಒಂದು ಚೀಟಿ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ಅವನ ಕೈಲೇ 'ಒಂದು ಸಲ ಹೊರಗೆ' ಅಂತ ಬರೆಸು. ರಾತ್ರಿಗೆ ಒಂದೇ ಚೀಟಿ. ಅದನ್ನು ಕೊಟ್ಟು ಹೊರಗೆ ಬಂದು, ಒಂದು ಮುದ್ದೋ ಒಂದು ಮಾತೋ, 3 ನಿಮಿಷದಲ್ಲಿ ವಾಪಸ್. ಆಮೇಲೂ ಬಂದರೆ ಮಾತಿಲ್ಲದೆ ಕೈಹಿಡಿದು ಒಳಗೆ ಬಿಡು. ಬೈಗುಳವೂ ಬೇಡ, ಬೈಸಿಕೊಳ್ಳೋದೂ ಅವನಿಗೆ ಒಂದು ಸಂಭಾಷಣೆ. ಚೀಟಿ ಉಳಿಸಿದ ದಿನ ಬೆಳಗಿನ ತಿಂಡಿ ಅವನ ಆಯ್ಕೆ. ಎರಡನೇ, ಮೂರನೇ ರಾತ್ರಿ ರಗಳೆ ಜಾಸ್ತಿಯಾಗಬಹುದು. ಹಳೇ ದಾರಿ ಮುಚ್ಚಿದೆಯಾ ಅಂತ ಬಾಗಿಲು ಜೋರಾಗಿ ತಳ್ಳಿ ನೋಡುತ್ತಿರುತ್ತಾನೆ. ಆಗ ಬಗ್ಗಿದರೆ, ಜೋರಾಗಿ ತಳ್ಳಿದರೆ ತೆಗೆಯುತ್ತೆ ಅಂತ ಕಲಿಯುತ್ತಾನೆ.

ಪುಟ್ಟನ ಜೊತೆ ಒಟ್ಟಿಗೆ ಮಲಗೋದು ತಪ್ಪಾ ಅಂತ ನೀನು ಕೇಳಿದ್ದೆ. ಖಂಡಿತ ಅಲ್ಲ. ರಾತ್ರಿಯಲ್ಲಿ ಎಲ್ಲರಿಗೂ ನಾಲ್ಕಾರು ಸಲ ಅರೆಬರೆ ಎಚ್ಚರ ಆಗುತ್ತೆ. ನಿದ್ದೆ ಹತ್ತುವಾಗ ಇದ್ದದ್ದು ಆಗಲೂ ಇದ್ದರೆ ಮಗು ಹಾಗೇ ಮಗ್ಗುಲು ಬದಲಿಸುತ್ತೆ. ತೊಂದರೆ ಆಗೋದು, ನಿನ್ನ ತೋಳು ಹಿಡಿದು ಮಲಗಿದ ಮೇಲೆ ನೀನು ಮೆಲ್ಲಗೆ ಎದ್ದು ಹೋದಾಗ. ಇಡೀ ರಾತ್ರಿ ಪಕ್ಕದಲ್ಲಿರು, ಇಲ್ಲವೇ ನಿದ್ದೆ ಹತ್ತುವ ಮೊದಲೇ ಏಳು. 'ಐದು ನಿಮಿಷಕ್ಕೆ ಬಂದು ನೋಡ್ತೀನಿ' ಅಂದರೆ ಅವನು ಕೂಗುವ ಮೊದಲೇ ಬಂದು ನೋಡಬೇಕು.

ಹೆದರಿಕೆಯ ಮಾತು, ಟೆಸ್ಟಿನ ಚಿಂತೆ ಹಾಸಿಗೆಯಲ್ಲಿ ಬೇಡ. ಸಂಜೆ 6.30ಕ್ಕೆ 10 ನಿಮಿಷ ಅದಕ್ಕೇ ಇಡು, ಅವನು ಹೇಳಲಿ, ನೀನು ಒಂದು ನೋಟ್‌ಬುಕ್ಕಿನಲ್ಲಿ ಬರಿ.

ಗೊರಕೆ ಅಂದೆನಲ್ಲ, ಅದು ತಮಾಷೆಯಾಗಿದ್ದರೆ ಸರಿ. ವಾರದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ರಾತ್ರಿ ಗೊರಕೆ ಹೊಡೆದರೆ, ಬಾಯಿ ತೆರೆದೇ ಮಲಗಿದರೆ, ಉಸಿರು ನಿಂತು ನಿಂತು ಬಂದರೆ ಡಾಕ್ಟರಿಗೆ ತೋರಿಸು, ಟಾನ್ಸಿಲ್ ಅಥವಾ ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ಊದಿರಬಹುದು. ಕಾಲಲ್ಲಿ ಏನೋ ಹರಿದಾಡುತ್ತೆ ಅಂತ ಒದೆಯುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸು. ಹಿಂಭಾಗ ತುರಿಸಿಕೊಂಡು ಏಳುತ್ತಿದ್ದರೆ ಜಂತುಹುಳು ಇರಬಹುದು, ಅವು ರಾತ್ರಿಯೇ ಹೊರಗೆ ಬಂದು ಮೊಟ್ಟೆ ಇಡುತ್ತವೆ. ನಿದ್ದೆ ಬರಿಸುತ್ತೆ ಅಂತ ಅಂಗಡಿಯಲ್ಲಿ ಸಿಗುವ ಮೆಲಟೋನಿನ್ ಗಮ್ಮಿಯನ್ನು ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡ.

ಶನಿವಾರ ಆರತಕ್ಷತೆ ಮುಗಿಸಿ ಬರುವಾಗ 11.30 ಆಗುತ್ತೆ, ಗೊತ್ತು. ಅಂಥ ಭಾನುವಾರ ಮಾತ್ರ 6.30ರ ನಿಯಮ ಸಡಿಲಿಸಿ 7.30ಕ್ಕೆ ಎಬ್ಬಿಸು, ಅದಕ್ಕಿಂತ ತಡ ಬೇಡ. ಮಧ್ಯಾಹ್ನ ಹೋಳಿಗೆ ಊಟ ಆದಮೇಲೆ ನೀವಿಬ್ಬರೂ ಮಲಗಿ ಅವನನ್ನು ಎದ್ದಿರು ಅಂದರೆ ನಡೆಯಲ್ಲ, ಒಬ್ಬರು ಅವನ ಜೊತೆ ಕೇರಂ ಆಡಿ.

ನಿನ್ನ
ಅಮ್ಮ